ಉಡುಪು, ದನಿ, ನಡಿಗೆ: ಟ್ರಾನ್ಸ್ ಮತ್ತು ಕ್ವಿಯರ್ ಸಮುದಾಯದ ಒಳಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊರಗಿನವರ ಚುಚ್ಚುಮಾತಿಗೆ ಕಾಲಕ್ರಮೇಣ ಕಿವಿ ಗಟ್ಟಿಯಾಗುತ್ತದೆ. ಆದರೆ "ನೀನು ನೋಡೋಕೆ ಟ್ರಾನ್ಸ್ ತರ ಇಲ್ವಲ್ಲ" ಎಂದು ನಮ್ಮವರೇ ಅಂದಾಗ ಆಗುವ ನೋವು ಬೇರೆ. ಹುಟ್ಟಿದಾಗ ಬರೆಸಿದ ಲಿಂಗಕ್ಕೆ ತಮ್ಮ ಗುರುತು ಹೊಂದದವರು ಟ್ರಾನ್ಸ್: ಗಂಡೆಂದು ಬರೆಸಿದ ಹೆಣ್ಣು ಟ್ರಾನ್ಸ್ ಮಹಿಳೆ, ಹೆಣ್ಣೆಂದು ಬರೆಸಿದ ಗಂಡು ಟ್ರಾನ್ಸ್ ಪುರುಷ. ಲಿಂಗದಲ್ಲೋ ಒಲವಿನಲ್ಲೋ ರೂಢಿಗೆ ಹೊಂದದವರಿಗೆಲ್ಲ ಒಟ್ಟಾಗಿ ಇರುವ ಹೆಸರು ಕ್ವಿಯರ್. ಈ ಪುಟದಲ್ಲಿರುವುದು ಹೆಚ್ಚಾಗಿ ಆ ಒಳಗಿನ ಪ್ರಶ್ನೆಗಳು. ಜೊತೆಗೆ ಬೈಂಡರ್ (ಎದೆ ಚಪ್ಪಟೆಯಾಗಿಸುವ ಒಳಅಂಗಿ), ದನಿ, ಗಡ್ಡದಂಥ ದಿನನಿತ್ಯದ ವಿಷಯಗಳೂ ಇವೆ. ಸರಿಯಾಗಿ ಹೇಳಿಕೊಡುವವರಿಲ್ಲದೆ ಮೈಗೆ ಪೆಟ್ಟು ಮಾಡಿಕೊಳ್ಳುವವರು ಬಹಳ ಮಂದಿ.

ಲಿಂಗ ಗುರುತು, ಲಿಂಗ ಅಭಿವ್ಯಕ್ತಿ, ಲೈಂಗಿಕ ಒಲವು: ಮೂರಕ್ಕೂ ಏನು ವ್ಯತ್ಯಾಸ?

ನಾನು ಹೆಣ್ಣೋ, ಗಂಡೋ, ಎರಡೂ ಅಲ್ಲವೋ ಎಂದು ಒಳಗಿನಿಂದ ಗೊತ್ತಿರುವುದು ಲಿಂಗ ಗುರುತು. ಬಟ್ಟೆ, ಕೂದಲು, ದನಿ, ಕೂರುವ ರೀತಿ, ಇಟ್ಟುಕೊಂಡ ಹೆಸರು, ಹೀಗೆ ಹೊರಗೆ ಕಾಣುವುದು, ಕೇಳಿಸುವುದು ಅಭಿವ್ಯಕ್ತಿ. ಮನಸ್ಸು ಯಾರ ಕಡೆ ಹರಿಯುತ್ತದೆ ಎಂಬುದು ಒಲವು. ಒಂದು ಗೊತ್ತಾದರೆ ಇನ್ನೊಂದನ್ನು ಲೆಕ್ಕ ಹಾಕಿ ಹೇಳಲು ಬರುವುದಿಲ್ಲ. ಉದ್ದ ಕೂದಲು ಬಿಟ್ಟು, ಉಗುರಿಗೆ ಬಣ್ಣ ಹಚ್ಚಿ, ಗಂಡಸರನ್ನು ಪ್ರೀತಿಸುವ ಟ್ರಾನ್ಸ್ ಪುರುಷ ಪೂರ್ತಿ ಗಂಡಸೇ. ಸಮುದಾಯದೊಳಗಿನ ಮುಕ್ಕಾಲು ಪಾಲು ಜಗಳ ಹುಟ್ಟುವುದು ಎರಡನೆಯದನ್ನು ನೋಡಿ ಮೊದಲನೆಯದಕ್ಕೆ ಅಂಕ ಹಾಕುವುದರಿಂದ.

ಟ್ರಾನ್ಸ್ ಮಹಿಳೆಯಾಗಿ ಪ್ಯಾಂಟು, ಅಂಗಿ ಹಾಕಿಕೊಂಡು, ಮೇಕಪ್ ಇಲ್ಲದೆ ಇರಬಹುದೇ? "ಹಾಗಿದ್ದರೆ ಬದಲಾಗಿದ್ದಾದರೂ ಯಾಕೆ" ಎಂದು ಕೇಳುತ್ತಾರೆ.

ಖಂಡಿತ ಇರಬಹುದು. ಬೇರೆ ಹೆಂಗಸರು ಪ್ಯಾಂಟು ಹಾಕಿದಾಗ ಅವರ ಹೆಣ್ತನವನ್ನು ಯಾರೂ ತನಿಖೆ ಮಾಡುವುದಿಲ್ಲ. ಬದಲಾಗುವುದು ಬಟ್ಟೆಗಾಗಿ ಎಂಬ ಊಹೆಯಲ್ಲೇ ತಪ್ಪಿದೆ. ತನ್ನ ಹೆಸರಿನಲ್ಲಿ, ತನ್ನ ಮೈಯಲ್ಲಿ ನೆಮ್ಮದಿಯಾಗಿ ಉಸಿರಾಡುವುದಕ್ಕಾಗಿ ಬದಲಾಗುತ್ತಾರೆ, ಆಮೇಲೆ ಏನು ಉಡುವುದು ಎಂಬುದು ಅವರವರ ಇಷ್ಟ.

ಈ ಪ್ರಶ್ನೆಯ ಬೇರು ಆಸ್ಪತ್ರೆಗಳಲ್ಲಿದೆ. ಟ್ರಾನ್ಸ್ ಆರೈಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಮೊದಲು ಬಂದದ್ದು 1979ರಲ್ಲಿ. ಆ ಕಾಲದ ವೈದ್ಯರು ಚಿಕಿತ್ಸೆ ಕೊಡುವ ಮೊದಲು "ನಿಜಜೀವನ ಪರೀಕ್ಷೆ" ಎಂದು ಇಡುತ್ತಿದ್ದರು. ತಿಂಗಳುಗಟ್ಟಲೆ ಹೆಣ್ಣಾಗಿ ಇಲ್ಲವೇ ಗಂಡಾಗಿ ಬದುಕಿ ತೋರಿಸಬೇಕಿತ್ತು. ಹಾಗೆ ಬದುಕುವುದು ಎಂದರೇನು ಎಂದು ತೀರ್ಮಾನಿಸುತ್ತಿದ್ದವರು ವೈದ್ಯರು. ಸ್ಕರ್ಟ್ ಹಾಕದೆ, ಲಿಪ್‌ಸ್ಟಿಕ್ ಹಚ್ಚದೆ ಬಂದ ಟ್ರಾನ್ಸ್ ಮಹಿಳೆಗೆ ಗಂಭೀರತೆ ಇಲ್ಲ ಎಂದು ಬರೆದುಬಿಡುವ ಭಯವಿತ್ತು. ಔಷಧಿ ಬೇಕಾದವರು ಆ ವೇಷ ಹಾಕಿದರು, ಹೇಳಬೇಕಾದ ಕಥೆಯನ್ನು ಒಬ್ಬರಿಂದೊಬ್ಬರು ಕಲಿತು ಹೇಳಿದರು. ಬಾಯಿಂದ ಬಾಯಿಗೆ ದಾಟಿದ ಆ ಸಲಹೆಗಳೇ ಮುಂದೆ ಸಮುದಾಯದ ಅಳತೆಗೋಲುಗಳಾದವು. ಮಾರ್ಗಸೂಚಿಯ ಎಂಟನೇ ಆವೃತ್ತಿ 2022ರಲ್ಲಿ ಬಂತು. ಅದರ ಧಾಟಿ ಬಹಳ ಬದಲಾಗಿದೆ, ಹಳೆಯ ಅಳತೆಗೋಲು ಮಾತ್ರ ನಮ್ಮ ಕೈಯಲ್ಲೇ ಉಳಿದಿದೆ.

ತಾರತಮ್ಯ ಉಂಡವರೇ ತಾರತಮ್ಯ ಮಾಡುವುದೇಕೆ?

ಒಂದು ಕಾರಣ ಭಯ. "ನಾವೂ ನಿಮ್ಮಂಥವರೇ" ಎಂದು ಹೊರಜಗತ್ತಿಗೆ ತೋರಿಸಿದರೆ ಹಕ್ಕು ಸಿಗುತ್ತದೆ ಎಂಬ ಆಸೆಯಲ್ಲಿ, ಎದ್ದು ಕಾಣುವವರನ್ನು ಹಿಂದಕ್ಕೆ ತಳ್ಳುತ್ತಾರೆ. ನ್ಯೂಯಾರ್ಕ್‌ನಲ್ಲಿ 1973ರಲ್ಲಿ ನಡೆದ ಪ್ರೈಡ್, ಅಂದರೆ ಸಮುದಾಯದ ಹೆಮ್ಮೆಯ ಸಭೆಯ ವೇದಿಕೆಗೆ ಟ್ರಾನ್ಸ್ ಹೋರಾಟಗಾರ್ತಿ ಸಿಲ್ವಿಯಾ ರಿವೇರಾ ಹತ್ತಿದರು. ಜೈಲಿನಲ್ಲಿರುವ ನಮ್ಮವರ ಬಗ್ಗೆ ಮಾತಾಡುತ್ತೇನೆ ಎಂದಾಗ ಕೂಗಿ ಹೀಯಾಳಿಸಿದವರು ಪೊಲೀಸರಲ್ಲ, ಎದುರಿಗಿದ್ದ ಗೇ ಮತ್ತು ಲೆಸ್ಬಿಯನ್ ಜನ. ಅದೇ ಊರಿನ ಸ್ಟೋನ್‌ವಾಲ್ ಬಾರಿನಲ್ಲಿ ಪೊಲೀಸ್ ದಾಳಿಯ ವಿರುದ್ಧ ಸಮುದಾಯದ ಬಂಡಾಯ ನಡೆದು ಆಗಿನ್ನೂ ನಾಲ್ಕೇ ವರ್ಷ.

ಇನ್ನೊಂದು ಕಾರಣ ಕೊರತೆ. ಚಿಕಿತ್ಸೆ, ಕೆಲಸ, ಮರ್ಯಾದೆ ಎಲ್ಲವೂ ಕಡಿಮೆ ಇರುವ ಕಡೆ "ನಿಜವಾದವರಿಗೆ ಮೊದಲು" ಎಂಬ ಸಾಲು ತಾನಾಗಿ ಹುಟ್ಟಿಕೊಳ್ಳುತ್ತದೆ. ಮೂರನೆಯದು ಎಲ್ಲಕ್ಕಿಂತ ನೋವಿನದು. ತಾನು ಕಷ್ಟಪಟ್ಟು ಗೆದ್ದದ್ದನ್ನು ಇನ್ನೊಬ್ಬರು ಬೇಡ ಎಂದಾಗ, ತನ್ನ ಕಷ್ಟಕ್ಕೇ ಬೆಲೆ ಇಲ್ಲದಂತಾಯಿತು ಎಂದು ಒಳಗೊಳಗೇ ಕುದಿಯುವುದು. ಎರಡು ವರ್ಷ ದನಿ ಸಾಧನೆ ಮಾಡಿದ ಟ್ರಾನ್ಸ್ ಮಹಿಳೆಯ ಎದುರು ಇನ್ನೊಬ್ಬಾಕೆ "ನನಗೆ ನನ್ನ ಗಡಸು ದನಿಯೇ ಇಷ್ಟ" ಎಂದರೆ ಚುರುಕ್ಕೆನ್ನುತ್ತದೆ. ಆ ಚುರುಕು ನಿಜ, ಅದನ್ನು ಅಲ್ಲಗಳೆಯಬೇಕಿಲ್ಲ. ಎದುರಿಗಿರುವಾಕೆಯ ತಪ್ಪಿಗೆ ಮಾತ್ರ ಅದು ಪುರಾವೆಯಾಗದು.

ಗಂಡಸರನ್ನು ಪ್ರೀತಿಸುವ ಟ್ರಾನ್ಸ್ ಪುರುಷ, ಹೆಂಗಸರನ್ನು ಪ್ರೀತಿಸುವ ಟ್ರಾನ್ಸ್ ಮಹಿಳೆ: ಇದು ಹೇಗೆ?

ಮೇಲೆ ಹೇಳಿದಂತೆ ಗುರುತೇ ಬೇರೆ, ಒಲವೇ ಬೇರೆ. ವೈದ್ಯರಿಗೂ ಇದು ಬಹಳ ಕಾಲ ಅರ್ಥವಾಗಿರಲಿಲ್ಲ. ಅಮೆರಿಕದ ಲೂ ಸಲಿವನ್ ತಾನು ಗೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದ ಟ್ರಾನ್ಸ್ ಪುರುಷ. ಆ ಒಂದೇ ಕಾರಣಕ್ಕೆ ಅವರಿಗೆ ಶಸ್ತ್ರಚಿಕಿತ್ಸೆ ನಿರಾಕರಿಸಲಾಗಿತ್ತು. ಒಲವನ್ನು ಚಿಕಿತ್ಸೆಯ ಅರ್ಹತೆಗೆ ಅಳತೆಯಾಗಿಸಬಾರದು ಎಂದು ಅವರು ವೈದ್ಯರೊಂದಿಗೆ ಪತ್ರ ಬರೆದು, ವಾದಿಸಿ ಒಪ್ಪಿಸಲು ವರ್ಷಗಟ್ಟಲೆ ದುಡಿದರು. 1986ರಲ್ಲಿ ಟ್ರಾನ್ಸ್ ಪುರುಷರ ಸಂಘಟನೆ ಕಟ್ಟಿದರು, 1991ರಲ್ಲಿ ತೀರಿಕೊಂಡರು. ಇಂದು ಗುಂಪುಗಳಲ್ಲಿ "ಗಂಡಸು ಬೇಕಿದ್ದರೆ ಹೆಣ್ಣಾಗಿಯೇ ಇರಬಹುದಿತ್ತಲ್ಲ" ಎನ್ನುವವರು ಆ ಹಳೆಯ ಆಸ್ಪತ್ರೆಯ ಮಾತನ್ನೇ ಮತ್ತೆ ಆಡುತ್ತಿದ್ದಾರೆ.

ಡಿಸ್ಫೋರಿಯಾ ಇಲ್ಲದವರು, ಹಾರ್ಮೋನು ತೆಗೆದುಕೊಳ್ಳದವರು ನಿಜವಾದ ಟ್ರಾನ್ಸ್ ಹೌದೇ?

ಹೌದು. ಡಿಸ್ಫೋರಿಯಾ ಎಂದರೆ ಮೈ ಅಥವಾ ಜನ ಕರೆಯುವ ಲಿಂಗ ತನ್ನ ಗುರುತಿಗೆ ಹೊಂದದೆ ಆಗುವ ಸಂಕಟ. ಅದು ಕೆಲವರಲ್ಲಿ ತೀವ್ರ, ಕೆಲವರಲ್ಲಿ ಎದೆಗೆ ಮಾತ್ರ ಸಂಬಂಧಪಟ್ಟದ್ದು, ಕೆಲವರಲ್ಲಿ ಇಲ್ಲವೇ ಇಲ್ಲ. ಅಂಥವರು ಸಂಕಟದಿಂದಲ್ಲ, ಸರಿಯಾದ ಹೆಸರಿನಲ್ಲಿ ಕರೆಸಿಕೊಂಡಾಗ ಆದ ಸಂತೋಷದಿಂದ ತಮ್ಮನ್ನು ಗುರುತಿಸಿಕೊಂಡಿರುತ್ತಾರೆ. ಔಷಧಿ ಬೇಡದಿರಲು ಹೃದಯ, ಯಕೃತ್ತು, ಮಕ್ಕಳ ಆಸೆ, ಹಣ, ಮನೆ, ಅಥವಾ ಸುಮ್ಮನೆ ಬೇಡ ಎನ್ನುವ ಮನಸ್ಸು, ಯಾವುದೂ ಕಾರಣವಿರಬಹುದು. ಕಾರಣ ಕೇಳುವುದು ನಮ್ಮ ಕೆಲಸವಲ್ಲ.

ವೈದ್ಯಕೀಯ ಪಟ್ಟಿಗಳೂ ಬದಲಾಗಿವೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಈ ವಿಷಯ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಬಂದು ಲೈಂಗಿಕ ಆರೋಗ್ಯದ ಅಧ್ಯಾಯ ಸೇರಿದೆ. ರೂಢಿಗೆ ಹೊಂದದ ನಡವಳಿಕೆ, ಇಷ್ಟಗಳನ್ನಷ್ಟೇ ನೋಡಿ ಯಾರಿಗೂ ಆ ಹಣೆಪಟ್ಟಿ ಹಚ್ಚಬಾರದು ಎಂದೂ ಅಲ್ಲಿ ಬರೆದಿದೆ. ಹುಡುಗ ಗೊಂಬೆ ಆಡಿದ, ಹುಡುಗಿ ಮರ ಹತ್ತಿದಳು ಎಂದು ಗಾಬರಿಯಾಗಿ ಕೇಳುವ ತಂದೆ-ತಾಯಿಯರಿಗೂ ಇದೇ ಉತ್ತರ. ಆಟದ ಸಾಮಾನು ಮಗುವಿನ ಗುರುತನ್ನು ಹೇಳುವುದಿಲ್ಲ. ಮಗು ತಾನೇನು ಎಂದು ಹೇಳುತ್ತಿದೆ, ಎಷ್ಟು ಕಾಲದಿಂದ ಹೇಳುತ್ತಿದೆ ಎಂಬುದನ್ನು ಕೇಳಿಸಿಕೊಳ್ಳಿ.

ನಾನ್‌ಬೈನರಿ ಎಂದರೆ ಗಂಡೋ ಹೆಣ್ಣೋ ಗೊತ್ತಾಗದಂತೆ ಕಾಣಬೇಕೇ?

ಇಲ್ಲ. ತಮ್ಮನ್ನು ಬರೀ ಗಂಡು ಅಥವಾ ಬರೀ ಹೆಣ್ಣು ಎಂದು ಗುರುತಿಸಿಕೊಳ್ಳದವರು ನಾನ್‌ಬೈನರಿ, ಅಷ್ಟೇ. ತೆಳ್ಳಗೆ, ಎದೆ ಚಪ್ಪಟೆ, ಗಿಡ್ಡ ಕೂದಲು, ದೊಗಲೆ ಅಂಗಿ: ಈ ಒಂದು ಚಿತ್ರ ಎಲ್ಲೆಡೆ ಹರಡಿದೆ. ದಪ್ಪ ಮೈಯವರಿಗೆ, ದೊಡ್ಡ ಎದೆಯವರಿಗೆ, ದಟ್ಟ ಗಡ್ಡದವರಿಗೆ ಅದರಲ್ಲಿ ಜಾಗವಿಲ್ಲ. ಗಡ್ಡ ಬಿಟ್ಟ ನಾನ್‌ಬೈನರಿ ವ್ಯಕ್ತಿ, ಉದ್ದ ಜಡೆಯ ನಾನ್‌ಬೈನರಿ ವ್ಯಕ್ತಿ, ಇಬ್ಬರೂ ಇದ್ದಾರೆ.

ಕನ್ನಡದಲ್ಲಿ ಮಾತಾಡುವಾಗ ಅವನು, ಅವಳು, ಅವರು: ಯಾವುದು ಬಳಸಬೇಕು?

ಕೇಳಿ ಬಳಸಬೇಕು. ಕೇಳಲು ಆಗದಿದ್ದರೆ "ಅವರು". ಈ ವಿಷಯದಲ್ಲಿ ಕನ್ನಡ ನಮಗೆ ಒಳ್ಳೆಯ ಆಸರೆ, ಆದರೆ ಎಡವುವ ಜಾಗಗಳೂ ಇವೆ. ಸ್ವಲ್ಪ ಬಿಡಿಸಿ ನೋಡೋಣ.

"ನಾನು ಬಂದೆ", "ನೀನು ಬಂದೆ" ಎಂಬಲ್ಲಿ ಲಿಂಗವಿಲ್ಲ. ಬರುವುದು "ಬಂದ, ಬಂದಳು" ಎಂಬಲ್ಲಿ. "ಬಂದರು" ಎಂದರೆ ಮರ್ಯಾದೆಯೂ ಆಯಿತು, ಲಿಂಗ ಹೇಳುವುದೂ ತಪ್ಪಿತು. ತೊಡಕಾಗುವುದು ಸಲಿಗೆ ಇರುವ ಕಡೆ. ಹತ್ತು ವರ್ಷದ ಗೆಳೆತನದಲ್ಲಿ ಒಮ್ಮೆಲೇ "ಅವರು" ಎಂದರೆ ದೂರ ತಳ್ಳಿದಂತೆ ಕೇಳಿಸುತ್ತದೆ. ಆಗ ಲಿಂಗ ತೋರಿಸದ ಕ್ರಿಯಾಪದಗಳು ಕೈಹಿಡಿಯುತ್ತವೆ: "ಕಿರಣ್ ಬಂದಿಲ್ಲ", "ಕಿರಣ್ ಬರಲ್ಲ", "ಕಿರಣ್ ಬರಬಹುದು", "ಕಿರಣ್ ಬರಲಿ", "ಕಿರಣ್ ಹೇಳಿದ್ದು ಸರಿ". "ಕಿರಣ್‌ಗೆ ಗೊತ್ತು, ಕಿರಣ್‌ಗೆ ಇಷ್ಟ ಆಯ್ತು" ಎನ್ನುವಾಗಲೂ ಲಿಂಗ ಬರುವುದಿಲ್ಲ. ವಿಭಕ್ತಿಯ ಮೇಲೆ ಕಣ್ಣಿಡಿ. "ಕಿರಣನಿಗೆ" ಎಂದ ಕೂಡಲೇ ಗಂಡಾಯಿತು, "ಕಿರಣಳಿಗೆ" ಎಂದರೆ ಹೆಣ್ಣಾಯಿತು, "ಕಿರಣ್‌ಗೆ" ಎಂದರೆ ಎರಡೂ ಇಲ್ಲ.

ಎದುರಿಗೆ ಮಾತಾಡುವಾಗ ಸಿಕ್ಕಿಬೀಳುವುದು ಬಾಲದಲ್ಲಿ. "ಬಾರೋ, ಬಾರೇ", "ಏನೋ, ಏನೇ", "ಹೌದು ಕಣೋ, ಹೌದು ಕಣೇ", "ಮಾರಾಯ, ಮಾರಾಯ್ತಿ". ಬಾಯಿಗೆ ರೂಢಿಯಾದದ್ದರಿಂದ ಹೆಸರು ಸರಿಯಾಗಿ ಕರೆಯುವವರೂ ಇಲ್ಲಿ ತಪ್ಪುತ್ತಾರೆ. ಟ್ರಾನ್ಸ್ ಮಹಿಳೆಗೆ ಗೆಳತಿಯೊಬ್ಬಳು ಯೋಚಿಸದೆ "ಬಿಡೇ, ಆಯ್ತು ಕಣೇ" ಎಂದರೆ ಆ ಒಂದಕ್ಷರದ ಖುಷಿ ಆಕೆಗೆ ದಿನವಿಡೀ ನೆನಪಿರುತ್ತದೆ. ಲಿಂಗ ಬೇಡದವರಿಗೆ ಬರೀ "ಬಾ", "ಬಿಡು", "ಏನು" ಸಾಕು.

"ಅದು" ಎಂದು ಮಾತ್ರ ಯಾರನ್ನೂ ಕರೆಯಬೇಡಿ. ಮಗುವಿಗೆ ಪ್ರೀತಿಯಿಂದ ಸಲ್ಲುವ ನಪುಂಸಕಲಿಂಗ ದೊಡ್ಡವರ ಮೇಲೆ ಬಿದ್ದರೆ ಬೈಗುಳವೇ. ಬರವಣಿಗೆಯಲ್ಲಿ "ಗೆಳೆಯ, ಗೆಳತಿ" ಬದಲು "ಸ್ನೇಹಿತರು", "ಗಂಡ, ಹೆಂಡತಿ" ಬದಲು "ಸಂಗಾತಿ", "ಬಂದವನು, ಬಂದವಳು" ಬದಲು "ಬಂದವರು" ಎಂದರೆ ಓದಲು ಏನೂ ತೊಡಕಾಗದು.

ತಪ್ಪಿ ಹಳೆಯ ಹೆಸರಿನಿಂದ ಕರೆದೆ. ಈಗ?

"ಕ್ಷಮಿಸಿ" ಎಂದು ಸರಿಯಾದ ಹೆಸರು ಹೇಳಿ, ಹಿಡಿದ ಮಾತು ಮುಂದುವರಿಸಿ. ಎರಡು ಸೆಕೆಂಡಿನ ಕೆಲಸ. ಹತ್ತು ನಿಮಿಷ ಕ್ಷಮೆ ಕೇಳಿದರೆ ಸಮಾಧಾನ ಮಾಡುವ ಹೊರೆ ನೊಂದವರ ಮೇಲೇ ಬೀಳುತ್ತದೆ. ಮನೆಗೆ ಹೋಗಿ ಹೊಸ ಹೆಸರಿಟ್ಟು ಐದು ವಾಕ್ಯ ಜೋರಾಗಿ ಹೇಳಿಕೊಳ್ಳಿ, ಫೋನಿನಲ್ಲಿ ಹೆಸರು ಬದಲಿಸಿ. ನಾಲಿಗೆ ಕಲಿಯುವುದು ಹೀಗೇ.

"ನೀನು ಟ್ರಾನ್ಸ್ ಅಂತ ಗೊತ್ತೇ ಆಗಲ್ಲ" ಎನ್ನುವುದು ಹೊಗಳಿಕೆ ಅಲ್ಲವೇ?

ಹೇಳುವವರ ಮನಸ್ಸು ಒಳ್ಳೆಯದೇ ಇರುತ್ತದೆ. ಆದರೆ ಗೊತ್ತಾಗುವುದು ಒಂದು ಕುಂದು ಎಂಬ ಅರ್ಥ ಆ ಮಾತಿನೊಳಗಿದೆ. ಪಕ್ಕದಲ್ಲಿ ಕೂತ, ನೋಡಿದರೆ ಗೊತ್ತಾಗುವ ಇನ್ನೊಬ್ಬರಿಗೂ ಅದು ಕೇಳಿಸುತ್ತದೆ. "ಈ ಬಣ್ಣ ನಿನಗೆ ಚೆನ್ನಾಗಿ ಒಪ್ಪುತ್ತೆ" ಎನ್ನಿ, ಸಾಕು.

ಹಾಗೆಂದು ಪಾಸ್ ಆಗಲು, ಅಂದರೆ ಟ್ರಾನ್ಸ್ ಎಂದು ಗೊತ್ತಾಗದಂತೆ ಕಾಣಲು, ಬಯಸುವವರನ್ನು ಹೀಗಳೆಯುವುದೂ ತಪ್ಪು. ಎತ್ತರ, ಭುಜದ ಅಗಲ, ಗಂಟಲ ಎಲುಬು, ಶುರು ಮಾಡಿದ ವಯಸ್ಸು, ಕೈಯಲ್ಲಿರುವ ದುಡ್ಡು, ಇವುಗಳ ಮೇಲೆ ಪಾಸಾಗುವುದು ನಿಂತಿದೆ. ರಾತ್ರಿ ಒಬ್ಬರೇ ನಡೆದು ಹೋಗುವವರಿಗೆ ಅದು ಜೀವ ಉಳಿಸಿಕೊಳ್ಳುವ ದಾರಿ. ಯಾರಿಗೂ ಹೇಳದೆ ಬದುಕುವವರಿಗೆ "ಸಮುದಾಯಕ್ಕೆ ದ್ರೋಹ" ಎನ್ನುವ ಅಧಿಕಾರ ಯಾರಿಗೂ ಇಲ್ಲ. ಅವರ ಗುಟ್ಟು ಅವರದ್ದು.

ಗೇ ಪುರುಷರ ನಡುವೆ "ಹೆಣ್ಣಿಗತನದವರು ಬೇಡ" ಎನ್ನುವ ಮಾತು ಸಾಮಾನ್ಯ. ಅದು ಬರೀ ಇಷ್ಟಾನಿಷ್ಟ ಅಲ್ಲವೇ?

ಯಾರ ಮೇಲೆ ಮನಸ್ಸಾಗುತ್ತದೆ ಎಂಬುದಕ್ಕೆ ಲೆಕ್ಕ ಕೊಡಬೇಕಿಲ್ಲ. ಆದರೆ ಡೇಟಿಂಗ್ ಆ್ಯಪ್‌ನ ಪ್ರೊಫೈಲಿನಲ್ಲಿ "ಗಂಡಸಿನಂಥವರು ಮಾತ್ರ" ಎಂದು ಬರೆದಾಗ ಅದನ್ನು ಓದುವವರು ನೂರಾರು ಜನ, ಅವರಲ್ಲಿ ಶಾಲೆಯಿಂದಲೇ ಕೈ ಆಡಿಸುವ ರೀತಿಗೆ ಪೆಟ್ಟು ತಿಂದವರಿದ್ದಾರೆ. ಬೇಕಾದದ್ದನ್ನು ಬರೆಯಿರಿ, ಬೇಡದವರ ಪಟ್ಟಿ ಬರೆಯಬೇಡಿ. ಗೆಳೆತನ, ಸಭೆ, ಜವಾಬ್ದಾರಿ ಹಂಚುವಾಗ ಇದೇ ಮನೋಭಾವ ಕಂಡರೆ ಅದನ್ನು ಇಷ್ಟಾನಿಷ್ಟ ಎನ್ನಲಾಗದು.

ಬುಚ್ ಲೆಸ್ಬಿಯನ್ ಮತ್ತು ಟ್ರಾನ್ಸ್ ಪುರುಷ, ಇವರ ನಡುವಿನ ಗೆರೆ ಎಲ್ಲಿ?

ಹೊರಗಿನಿಂದ ಎಳೆಯಬಹುದಾದ ಗೆರೆ ಇಲ್ಲ. ಗಂಡಸಿನಂಥ ಉಡುಪು, ನಡೆಯ ಲೆಸ್ಬಿಯನ್‌ಗೆ ಬುಚ್ ಎಂದೂ, ಹೆಣ್ಣಿನಂಥ ಉಡುಪು, ನಡೆಯವರಿಗೆ ಫೆಮ್ ಎಂದೂ ಹೆಸರು. ಒಂದೇ ಅಂಗಿ, ಒಂದೇ ಹೇರ್‌ಕಟ್, ಒಂದೇ ಬೈಂಡರ್ ಇಬ್ಬರಲ್ಲೂ ಇರಬಹುದು. ಒಬ್ಬರು ತನ್ನನ್ನು ಹೆಣ್ಣೆಂದೇ ತಿಳಿದಿರುತ್ತಾರೆ, ಇನ್ನೊಬ್ಬರು ಗಂಡೆಂದು. 1970ರ ದಶಕದಲ್ಲಿ ಕೆಲವು ಲೆಸ್ಬಿಯನ್ ಸ್ತ್ರೀವಾದಿಗಳು ಬುಚ್-ಫೆಮ್ ಜೋಡಿಗಳನ್ನು ಗಂಡ-ಹೆಂಡಿರ ನಕಲು ಎಂದು ದೂರಿದರು. ಅದಕ್ಕೂ ಮೊದಲಿನ ದಶಕಗಳಲ್ಲಿ ಬಾರ್‌ಗಳ ಮೇಲೆ ಪೊಲೀಸ್ ದಾಳಿಯಾದಾಗ ಮೊದಲು ಕಣ್ಣಿಗೆ ಬಿದ್ದು ಏಟು ತಿಂದವರು ಆ ಬುಚ್ ಹೆಂಗಸರೇ. ಇಂದು ಬುಚ್ ಆದವರನ್ನು "ನೀನು ಟ್ರಾನ್ಸ್ ಪುರುಷನೇ, ಒಪ್ಪಿಕೋ" ಎಂದು ಒಂದು ಕಡೆ ಎಳೆಯುತ್ತಾರೆ, ಟ್ರಾನ್ಸ್ ಪುರುಷರನ್ನು "ನಮ್ಮ ಹುಡುಗಿಯೊಬ್ಬಳು ಕೈತಪ್ಪಿದಳು" ಎಂದು ಇನ್ನೊಂದು ಕಡೆ ಮರುಗುತ್ತಾರೆ. ಎರಡೂ ಕಡೆ ಆ ವ್ಯಕ್ತಿಯ ಮಾತನ್ನೇ ಕೇಳಿಸಿಕೊಂಡಿಲ್ಲ.

ಬೈಂಡರ್ ಸುರಕ್ಷಿತವಾಗಿ ಬಳಸುವುದು ಹೇಗೆ?

ಎದೆಯನ್ನು ಚಪ್ಪಟೆಯಾಗಿಸುವ ಬಿಗಿ ಒಳಅಂಗಿಯೇ ಬೈಂಡರ್. ಅಳತೆ ತೆಗೆಯುವಾಗ ಟೇಪನ್ನು ಎದೆಯ ಅತಿ ತುಂಬಿದ ಭಾಗದ ಸುತ್ತ, ನೆಲಕ್ಕೆ ಸಮನಾಗಿ, ಬಿಗಿಯದೆ ಹಿಡಿಯಿರಿ. ಭುಜದ ಅಗಲವನ್ನೂ ಬರೆದುಕೊಳ್ಳಿ. ಎರಡು ಸೈಜಿನ ನಡುವೆ ಬಂದರೆ ದೊಡ್ಡದು ಕೊಳ್ಳಿ. "ಒಂದು ಸೈಜು ಚಿಕ್ಕದು ಹಾಕಿದರೆ ಇನ್ನೂ ಚಪ್ಪಟೆಯಾಗುತ್ತೆ" ಎಂಬ ಸಲಹೆ ಗುಂಪುಗಳಲ್ಲಿ ಓಡಾಡುತ್ತದೆ. ಹಾಗೆ ಮಾಡಿದರೆ ಬಟ್ಟೆ ಪಕ್ಕೆಲುಬನ್ನು ಒತ್ತುತ್ತದೆ, ಎದೆಯ ಮಾಂಸ ಕಂಕುಳ ಕಡೆ ಉಬ್ಬಿ ಚಪ್ಪಟೆಯಾಗುವುದೇ ಇಲ್ಲ.

ಹಾಕಿದ ಮೇಲೆ ಪೂರ್ತಿ ಉಸಿರೆಳೆಯಲು ಬರಬೇಕು. ಬಾರದಿದ್ದರೆ ಅದು ನಿಮ್ಮ ಅಳತೆಯದಲ್ಲ. ಶುರುವಿನಲ್ಲಿ ಎರಡು ಗಂಟೆ, ನಿಧಾನಕ್ಕೆ ಹೆಚ್ಚಿಸಿ, ದಿನಕ್ಕೆ 8 ಗಂಟೆ ದಾಟಬಾರದು. ಮಲಗುವಾಗ, ಓಡುವಾಗ, ಭಾರ ಎತ್ತುವಾಗ, ಕೆಮ್ಮು-ನೆಗಡಿ ಇರುವಾಗ ಬೇಡ. ಒಂದರ ಮೇಲೊಂದು ಎರಡು ಬೈಂಡರ್ ಬೇಡವೇ ಬೇಡ. ತೆಗೆದ ಕೂಡಲೇ ಐದಾರು ಸಲ ಆಳವಾಗಿ ಉಸಿರೆಳೆದು, ಎರಡು ಸಲ ಜೋರಾಗಿ ಕೆಮ್ಮಿ, ಭುಜ ತಿರುಗಿಸಿ. ವಾರದಲ್ಲಿ ಒಂದೆರಡು ದಿನ ಎದೆಗೆ ಬಿಡುವು ಕೊಡಿ, ಅಂದು ದಪ್ಪ ಬಟ್ಟೆಯ ದೊಗಲೆ ಅಂಗಿ ಅಥವಾ ಸ್ಪೋರ್ಟ್ಸ್ ಬ್ರಾ ಹಾಕಿಕೊಳ್ಳಬಹುದು.

ಉಳುಕಿಗೆ ಸುತ್ತುವ ಎಲಾಸ್ಟಿಕ್ ಬ್ಯಾಂಡೇಜು, ಪ್ಯಾಕಿಂಗ್ ಟೇಪು, ಪ್ಲಾಸ್ಟಿಕ್ ಹಾಳೆ ಇವುಗಳಿಂದ ಎದೆ ಸುತ್ತಬೇಡಿ. ಬ್ಯಾಂಡೇಜು ನೀವು ಉಸಿರಾಡಿದಷ್ಟೂ ಬಿಗಿಯುತ್ತಾ ಹೋಗುತ್ತದೆ, ಟೇಪು ಚರ್ಮವನ್ನೇ ಕಿತ್ತು ತರುತ್ತದೆ. ಬೈಂಡರ್ ಬಳಸುವ 1,800 ಜನರ ಸಮೀಕ್ಷೆಯೊಂದು 2017ರಲ್ಲಿ ಪ್ರಕಟವಾಯಿತು. ಶೇ. 97ಕ್ಕೂ ಹೆಚ್ಚು ಮಂದಿ ಬೆನ್ನುನೋವು, ಉಸಿರು ಸಾಲದಿರುವುದು, ಚರ್ಮದ ತೊಂದರೆಯಂಥ ಒಂದಾದರೂ ತ್ರಾಸ ಹೇಳಿಕೊಂಡರು. ಬಹುತೇಕರಿಗೆ ತ್ರಾಸ ಇದ್ದೇ ಇರುತ್ತದೆ, ಅದನ್ನು ಕಡಿಮೆ ಮಾಡುವುದಷ್ಟೇ ನಮ್ಮ ಕೈಯಲ್ಲಿರುವುದು. ಚುಚ್ಚುವ ಎದೆನೋವು, ಬೆರಳು ಮರಗಟ್ಟುವುದು, ತಲೆ ಸುತ್ತುವುದು ಕಂಡರೆ ಅಲ್ಲೇ ತೆಗೆಯಿರಿ. ತೆಗೆದ ಮೇಲೂ ನೋವು ಹೋಗದಿದ್ದರೆ ವೈದ್ಯರಿಗೆ ಬೈಂಡರ್ ಬಗ್ಗೆ ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟರೆ ಅವರು ಬೇರೇನೋ ಹುಡುಕುತ್ತಾರೆ.

ಟಕ್ಕಿಂಗ್ ಬಗ್ಗೆ?

ವೃಷಣಗಳನ್ನು ಮೇಲಕ್ಕೆ ಸರಿಸಿ, ಶಿಶ್ನವನ್ನು ಹಿಂದಕ್ಕೆ ಮಡಿಸಿ, ಬಿಗಿ ಒಳಚಡ್ಡಿಯಲ್ಲಿ ಹಿಡಿದಿಡುವುದು ಟಕ್ಕಿಂಗ್. ಬೆಚ್ಚಗಿನ ಕೋಣೆಯಲ್ಲಿ, ಸ್ನಾನದ ನಂತರ ಸುಲಭ. ಬಲವಂತ ಮಾಡಬೇಡಿ, ನೋವಾದರೆ ನಿಲ್ಲಿಸಿ. ಟೇಪ್ ಬಳಸುವುದಾದರೆ ಔಷಧಿ ಅಂಗಡಿಯ ವೈದ್ಯಕೀಯ ಟೇಪ್ ಮಾತ್ರ, ಕೂದಲು ತೆಗೆದ ಜಾಗದ ಮೇಲೆ. ಬಿಚ್ಚುವ ರಗಳೆ ಬೇಡವೆಂದು ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಇರುವವರಿದ್ದಾರೆ. ಮೂತ್ರದ ಸೋಂಕಿಗೆ ಅದೇ ದಾರಿ. ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು, ಊತ, ವಾಂತಿ ಬಂದರೆ ನಾಳೆಯವರೆಗೆ ಕಾಯಬೇಡಿ. ತಿರುಚಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು.

ಹಾರ್ಮೋನು ತೆಗೆದುಕೊಂಡರೆ ದನಿ, ಗಡ್ಡ ಎಲ್ಲ ಸರಿಹೋಗುವುದಿಲ್ಲವೇ?

ಟ್ರಾನ್ಸ್ ಪುರುಷರು ತೆಗೆದುಕೊಳ್ಳುವ ಟೆಸ್ಟೋಸ್ಟೆರಾನ್ ಧ್ವನಿತಂತುಗಳನ್ನು ದಪ್ಪಗಾಗಿಸುತ್ತದೆ. ಕೆಲವು ತಿಂಗಳಲ್ಲಿ ದನಿ ಒಡೆಯಲು ಶುರುವಾಗಿ ಒಂದೆರಡು ವರ್ಷದಲ್ಲಿ ನೆಲೆಗೊಳ್ಳುತ್ತದೆ, ಆಮೇಲೆ ಔಷಧಿ ಬಿಟ್ಟರೂ ಹಿಂದಕ್ಕೆ ಬರುವುದಿಲ್ಲ. ಟ್ರಾನ್ಸ್ ಮಹಿಳೆಯರು ತೆಗೆದುಕೊಳ್ಳುವ ಈಸ್ಟ್ರೋಜನ್ ಮಾತ್ರ ಒಡೆದ ದನಿಯನ್ನು ಮತ್ತೆ ತೆಳುವಾಗಿಸದು, ಬೆಳೆದ ಗಡ್ಡವನ್ನು ಉದುರಿಸದು. ಟ್ರಾನ್ಸ್ ಮಹಿಳೆಯರು ಇಷ್ಟು ದುಡಿಯಬೇಕಾಗುವುದು ಇದಕ್ಕೇ. "ಇನ್ನೂ ಗಡ್ಡ ಇದೆಯಲ್ಲ, ಮಾತ್ರೆ ಸರಿಯಾಗಿ ತಗೋತಿಲ್ವಾ" ಎಂದು ಕೇಳುವುದು ಅನ್ಯಾಯ.

ದನಿ ಸಾಧನೆಯಲ್ಲಿ ಎಲ್ಲರೂ ಮೊದಲು ಹಿಡಿಯುವುದು ಸ್ಥಾಯಿಯನ್ನು, ಅಂದರೆ ದನಿ ಎಷ್ಟು ಎತ್ತರ, ಎಷ್ಟು ತಗ್ಗು ಎಂಬುದನ್ನು. ಗಂಡಸರ ಮಾತು ಸುಮಾರು 85ರಿಂದ 180 ಹರ್ಟ್ಸ್, ಹೆಂಗಸರದು ಸುಮಾರು 165ರಿಂದ 255. ಎರಡೂ ಒಂದರ ಮೇಲೊಂದು ಹಾಯುತ್ತವೆ. ಬರೀ ಸ್ಥಾಯಿ ಏರಿಸಿದರೆ ಕಳ್ಳದನಿಯಂತೆ ಕೇಳಿಸುತ್ತದೆ. ಕಿವಿ ಹೆಚ್ಚು ಗಮನಿಸುವುದು ಅನುರಣನವನ್ನು, ಅಂದರೆ ದನಿ ಎದೆಯಲ್ಲಿ ಮೊಳಗುತ್ತಿದೆಯೋ ಬಾಯಿಯ ಮುಂಭಾಗದಲ್ಲೋ ಎಂಬುದನ್ನು. ಅಂಗೈಯನ್ನು ಎದೆಯ ಮೇಲಿಟ್ಟು "ಮ್" ಎಂದು ಗುನುಗಿ, ಎದೆಯ ಕಂಪನ ಕಡಿಮೆಯಾಗಿ ತುಟಿ, ಮೂಗಿನ ಬಳಿ ಜುಮ್ಮೆನ್ನುವವರೆಗೆ ಸರಿಸುತ್ತಾ ಬನ್ನಿ. ಆಮೇಲೆ ಅದೇ ಜಾಗದಿಂದ ಒಂದು ಪದ, ನಂತರ ಒಂದು ವಾಕ್ಯ. ದಿನಕ್ಕೆ 15-20 ನಿಮಿಷ, ತಿಂಗಳುಗಟ್ಟಲೆ. ಪ್ರತಿ ವಾರ ಅದೇ ನಾಲ್ಕು ಸಾಲು ಧ್ವನಿಮುದ್ರಿಸಿಟ್ಟರೆ ಬದಲಾವಣೆ ಗೊತ್ತಾಗುತ್ತದೆ. ಗಂಟಲು ಉರಿದರೆ, ದನಿ ಒರಟಾದರೆ ಅಂದಿಗೆ ಸಾಕು. ವಾಕ್ ಚಿಕಿತ್ಸಕರು ಸಿಕ್ಕರೆ ಕೆಲವೇ ಭೇಟಿಗಳಲ್ಲಿ ದಾರಿ ಸರಿಮಾಡುತ್ತಾರೆ.

ಗಡ್ಡದ ನೀಲಿ ನೆರಳಿಗೆ ಫೌಂಡೇಶನ್ ಒಂದರ ಮೇಲೊಂದು ಬಳಿದರೆ ಮುಖ ಬೂದಿಯಾಗುತ್ತದೆ. ಮೊದಲು ಕಿತ್ತಳೆ ಛಾಯೆಯ ಕರೆಕ್ಟರ್ ತೆಳುವಾಗಿ ತಟ್ಟಿ, ಆಮೇಲೆ ಫೌಂಡೇಶನ್, ಕೊನೆಗೆ ಪೌಡರ್. ಶೇವ್ ಮಾಡಿ ಅರ್ಧ ಗಂಟೆ ಬಿಟ್ಟು ಹಚ್ಚಿ. ಲೇಸರ್ ಕೆಲಸ ಮಾಡುವುದು ಕಪ್ಪು ಕೂದಲಿನ ಮೇಲೆ, ಬಿಳಿ ಕೂದಲಿಗೆ ಸೂಜಿಯಿಂದ ವಿದ್ಯುತ್ ಹಾಯಿಸಿ ಬೇರು ಕೆಡಿಸುವ ಎಲೆಕ್ಟ್ರಾಲಿಸಿಸ್ಸೇ ಗತಿ. ಕಪ್ಪು, ಗೋಧಿ ಮೈಬಣ್ಣಕ್ಕೆ 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಸುರಕ್ಷಿತ, ಬೇರೆಯದರಲ್ಲಿ ಸುಟ್ಟ ಕಲೆಯ ಅಪಾಯ ಹೆಚ್ಚು. ಕೂದಲು ಸರದಿಯಲ್ಲಿ ಬೆಳೆಯುವುದರಿಂದ ಕೆಲವು ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕು. ಮಧ್ಯೆ ಶೇವ್ ಮಾಡಬಹುದು, ಕೀಳಬಾರದು. ಬೇರು ಕಿತ್ತುಬಂದರೆ ಲೇಸರಿಗೆ ಗುರಿಯೇ ಇರುವುದಿಲ್ಲ.

ಗೆಳೆಯರ ಮಾತ್ರೆ ಹಂಚಿಕೊಂಡು ಶುರುಮಾಡಬೇಡಿ. ಈಸ್ಟ್ರೋಜನ್ನಿನಿಂದ ಕೆಲವರಿಗೆ ರಕ್ತ ಹೆಪ್ಪುಗಟ್ಟುತ್ತದೆ, ಸಿಗರೇಟು ಸೇದುವವರಿಗೆ ಆ ಅಪಾಯ ಇನ್ನೂ ಹೆಚ್ಚು. ಟೆಸ್ಟೋಸ್ಟೆರಾನ್‌ನಿಂದ ಕೆಂಪು ಕಣಗಳು ಹೆಚ್ಚಿ ರಕ್ತ ಮಂದವಾಗಬಹುದು. ರಕ್ತಪರೀಕ್ಷೆಯಿಲ್ಲದೆ ಇವು ಗೊತ್ತಾಗುವುದಿಲ್ಲ. ಮುಟ್ಟು ನಿಂತರೂ ಟೆಸ್ಟೋಸ್ಟೆರಾನ್ ಗರ್ಭನಿರೋಧಕ ಅಲ್ಲ, ಇದನ್ನು ತಿಳಿಯದೆ ಗರ್ಭ ನಿಂತವರಿದ್ದಾರೆ.

ಹಿಂದಕ್ಕೆ ಬರುವವರ ಬಗ್ಗೆ ಗುಂಪಿನಲ್ಲಿ ಮಾತಾಡಬಹುದೇ?

ಮಾತಾಡಲೇಬೇಕು. ಬದಲಾವಣೆ ನಿಲ್ಲಿಸಿದವರನ್ನು, ಹಳೆಯ ಗುರುತಿಗೆ ಮರಳಿದವರನ್ನು ಕಂಡರೆ ಗುಂಪು ಹೆದರುತ್ತದೆ. ವಿರೋಧಿಗಳು ಅವರನ್ನು ತೋರಿಸಿ ಎಲ್ಲರ ಚಿಕಿತ್ಸೆಗೂ ಕಲ್ಲು ಹಾಕಿಯಾರು ಎಂಬ ಹೆದರಿಕೆಗೆ ಆಧಾರವೂ ಇದೆ. ಆ ಹೆದರಿಕೆಯಲ್ಲಿ ಬಾಗಿಲು ಮುಚ್ಚಿದರೆ ಅವರಿಗೆ ಹೋಗಲು ಬೇರೆ ಜಾಗವಿಲ್ಲ. ಕೆಲವರು ಮರಳುವುದು ಗುರುತು ಬದಲಾಗಿ, ಕೆಲವರು ಮನೆಯವರ ಒತ್ತಡ ತಾಳಲಾರದೆ, ಕೆಲಸ ಹೋಗಿ, ದುಡ್ಡು ಮುಗಿದು. ಬೈಂಡರ್ ಬಿಟ್ಟವರಿಗೂ, ಮತ್ತೆ ದನಿ ಹುಡುಕುವವರಿಗೂ ಇದೇ ಪುಟದ ಮಾಹಿತಿ ಬೇಕಾಗುತ್ತದೆ.

ಬೆಂಬಲ ಗುಂಪನ್ನು ನಡೆಸುವಾಗ ಏನು ಗಮನಿಸಬೇಕು?

ಹತ್ತು-ಹನ್ನೆರಡು ಜನ, ಒಂದೂವರೆ ಗಂಟೆ, ನಡೆಸಲು ಇಬ್ಬರು. ಒಬ್ಬರು ಮಾತು ನೋಡಿಕೊಂಡರೆ ಇನ್ನೊಬ್ಬರು, ಯಾರಾದರೂ ಅತ್ತು ಹೊರಗೆ ಹೋದರೆ, ಜೊತೆಗೆ ಹೋಗಬಹುದು. ಫೋಟೋ ಬೇಡ, ಇಲ್ಲಿನ ಮಾತು ಇಲ್ಲೇ, ಹಳೆಯ ಹೆಸರು ಮತ್ತು ಮೈಯ ಶಸ್ತ್ರಚಿಕಿತ್ಸೆ ಬಗ್ಗೆ ತಾವಾಗಿ ಹೇಳದ ಹೊರತು ಕೇಳುವಂತಿಲ್ಲ: ಇಷ್ಟನ್ನು ಪ್ರತಿ ಸಲ ಶುರುವಿನಲ್ಲಿ ಹೇಳಿ. ಹೆಸರು ಮತ್ತು ಹೇಗೆ ಕರೆಯಬೇಕು ಎಂಬುದನ್ನು ನಡೆಸುವವರು ಮೊದಲು ಹೇಳಿ ತೋರಿಸಲಿ, ಹೇಳದೆ ಮುಂದಿನವರಿಗೆ ಬಿಡುವ ಹಕ್ಕೂ ಇರಲಿ. ಇನ್ನೂ ಗೊತ್ತಿಲ್ಲದವರನ್ನು ಎಲ್ಲರೆದುರು ಉತ್ತರಿಸಿ ಎಂದರೆ ಅವರು ಮುಂದಿನ ವಾರ ಬರುವುದಿಲ್ಲ.

ಕೆಡುವುದು ಸಾಮಾನ್ಯವಾಗಿ ಹೀಗೆ. ಹಳಬರೊಬ್ಬರು ಇಡೀ ಸಂಜೆ ತಮ್ಮ ಕಥೆ ಹೇಳುತ್ತಾರೆ, ಹೊಸಬರು ಅದನ್ನೇ ದಾರಿ ಎಂದುಕೊಳ್ಳುತ್ತಾರೆ. ಒಬ್ಬರಿಗೆ ಮೂರು ನಿಮಿಷ ಎಂದು ಗಡಿಯಾರ ಇಟ್ಟುಕೊಳ್ಳಿ. "ನೀನು ಕೂದಲು ಬಿಡು, ಹೀಗೆ ನಡಿ" ಎಂದು ಕೇಳದೆ ತಿದ್ದುವ ಮಾತು ಬಂದರೆ ನಡೆಸುವವರು ಅಲ್ಲೇ, ಮೆಲ್ಲಗೆ ತಡೆಯಲಿ: "ಅವರು ಸಲಹೆ ಕೇಳಿದ್ದಾರಾ?" ಔಷಧಿಯ ಪ್ರಮಾಣ ಹೇಳಿಕೊಡಲು ಯಾರಿಗೂ ಬಿಡಬೇಡಿ.

ಮನೆಯಲ್ಲಿ ಹೇಳುವ ಸ್ಥಿತಿ ಇಲ್ಲ. ಹೊರಗೆ ಕಾಣದಂತೆ ಏನಾದರೂ ಮಾಡಬಹುದೇ?

ಮಾಡಬಹುದು, ಅದು ಕಡಿಮೆಯದೇನೂ ಅಲ್ಲ. ಬಣ್ಣವಿಲ್ಲದ ನೇಲ್ ಪಾಲಿಶ್, ಇಷ್ಟದ ಒಳಉಡುಪು, ಕಾಲಿನ ಕೂದಲು ತೆಗೆಯುವುದು ಅಥವಾ ಬೆಳೆಯಲು ಬಿಡುವುದು, ಸಾಬೂನು, ಸುಗಂಧ ಬದಲಿಸುವುದು, ಗಂಡೂ ಹೆಣ್ಣೂ ಹಾಕುವ ವಾಚು, ಶೂ. ಒಬ್ಬರೇ ಇರುವಾಗ ಹೊಸ ಹೆಸರನ್ನು ಜೋರಾಗಿ ಹೇಳಿಕೊಳ್ಳುವುದು, ಅದನ್ನು ಕಾಗದದ ಮೇಲೆ ಬರೆದು ನೋಡುವುದು. ನಂಬುವ ಒಬ್ಬ ಸ್ನೇಹಿತರ ಬಳಿ ಒಂದು ಚೀಲದಲ್ಲಿ ಬಟ್ಟೆ ಇಟ್ಟಿರುವುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದೆರಡು ವಾರ ಹಾಗೇ ಇದ್ದು, ಹಗುರ ಎನಿಸಿತೋ ಭಾರ ಎನಿಸಿತೋ ಗಮನಿಸಿ. ಎಲ್ಲವನ್ನೂ ಒಂದೇ ದಿನ ಮಾಡಿದರೆ ಯಾವುದು ಹಿಡಿಸಿತು, ಯಾವುದು ಇಲ್ಲ ಎಂದು ತಿಳಿಯುವುದಿಲ್ಲ.

ಫೋನಿನ ಬಗ್ಗೆ ಎಚ್ಚರ. ಫೋಟೋಗಳು ಮನೆಯವರೆಲ್ಲ ಬಳಸುವ ಖಾತೆಗೆ ತಾನಾಗಿ ಏರುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಸಂದೇಶದ ಸಾಲುಗಳು ಬೀಗ ಹಾಕಿದ ಪರದೆಯ ಮೇಲೆ ಕಾಣದಂತೆ ಮಾಡಿ. ಗುಂಪಿನ ಹೆಸರು ಪರದೆಯಲ್ಲಿ ಮೂಡುವುದರಿಂದ ಗುಂಪಿಗೆ ಸಾದಾ ಹೆಸರಿಡಲು ನಡೆಸುವವರನ್ನು ಕೇಳಿಕೊಳ್ಳಿ. ಆನ್‌ಲೈನಿನಲ್ಲಿ ಕೊಂಡದ್ದರ ರಸೀದಿ ಯಾವ ಇಮೇಲಿಗೆ, ಪೊಟ್ಟಣ ಯಾರ ಕೈಗೆ ಬರುತ್ತದೆ ಎಂದು ಹಣ ಕಟ್ಟುವ ಮೊದಲೇ ನೋಡಿಕೊಳ್ಳಿ.